ನಡುವಿನ ನಾಲ್ಕು ಬೆರಳು

ಗಣಿ ವಸಾಹತು, ತೆಲಂಗಾಣ
3 ಜೂನ್ 2024

ಪ್ರೀತಿಯ ಚನ್ನಮಲ್ಲಮ್ಮತ್ತೆಗೆ ವಿಜಯಶ್ರೀ ಮಾಡುವ ನಮಸ್ಕಾರ.

ಫೋನಿನಲ್ಲಿ ನಾನು ಬರೀ ಹೂಂ ಹೂಂ ಅನ್ನುತ್ತೇನೆಂದು ನೀನು ಮಾತು ಬಿಟ್ಟು ಮೂರು ವಾರವಾಯಿತು. ಐವತ್ತೆಂಟನೆಯ ವಯಸ್ಸಿನಲ್ಲಿ ಅಕ್ಷರ ಕಲಿತ ಅತ್ತೆಗೆ ಒಂದು ಪತ್ರ ಬರೆಯದ ಇವಳೆಂಥ ತಮ್ಮನ ಮಗಳು ಎಂದು ನಮ್ಮೂರು ಗೂಗಲ್ಲಿನ ಹೊಳೆದಂಡೆಯವರೆಗೂ ಸಾರಿಕೊಂಡು ಬಂದಿದ್ದೀಯಂತೆ. ಇಕೋ, ಪತ್ರ ಬಂತು. ಇನ್ನು ಊರವರ ಮುಂದೆ ಹೊಗಳಲೇಬೇಕು.

ನನಗೆ ಇಲ್ಲಿ ಕಲ್ಲಿದ್ದಲು ಗಣಿಯ ಬೆಂಕಿ ವಿಭಾಗದಲ್ಲಿ ಕೆಲಸ. ಹೆಸರು ಕೇಳಿ ಎದೆ ಹಿಡಿದುಕೊಳ್ಳಬೇಡ. ಬೆಂಕಿ ಇಲ್ಲ, ಬಕೆಟ್ ಮಾತ್ರ ಇದೆ. ಎಲ್ಲ ಬಕೆಟ್‌ಗಳಲ್ಲಿ ಮರಳು ತುಂಬಿದೆಯೇ ಎಂದು ಎಣಿಸಿ ಬರೆದುಕೊಳ್ಳುವುದು ನನ್ನ ದಿನಚರಿ. ಮೇಲಧಿಕಾರಿ ಬುರ್ಹಾನುದ್ದೀನ್ ಸಾಹೇಬರು ಮಾನ್ವಿಯವರು. ನಾನು ದೇವದುರ್ಗ ತಾಲೂಕಿನವಳು ಎಂದು ತಿಳಿದ ದಿನವೇ "ನಮ್ಮ ಕಡಿ ಹುಡುಗಿ ಬಂದಾಳ" ಎಂದು ಎಲ್ಲರಿಗೂ ಚಹಾ ಕುಡಿಸಿದರು.

ಒಂದು ಸಣ್ಣ ವಿಷಯ ಕೇಳಬೇಕಿತ್ತು. ನಮ್ಮ ಊರಲ್ಲಿ ನೆಲದೊಳಗೆ ಆಳವಾದ ಗುಂಡಿ ತೋಡಿ, ಜೋಳ ತುಂಬಿ, ಗಾಳಿಯಾಡದಂತೆ ಬಾಯಿ ಮುಚ್ಚಿ ವರ್ಷಗಟ್ಟಲೆ ಇಡುತ್ತಾರೆ, ಅದಕ್ಕೆ ಹಗೇವು ಎನ್ನುತ್ತಾರೆ ಎಂದರೆ ಇಲ್ಲಿ ಸಾಹೇಬರ ಹೊರತು ಯಾರೂ ನಂಬುವುದಿಲ್ಲ. ಬಾಯಿ ಮುಚ್ಚುವ ಆ ಮಣ್ಣನ್ನು ನೀನು ಹೇಗೆ ಕಲಸುತ್ತೀ? ಇಲ್ಲಿಯೂ ನೆಲದೊಳಗೆ ಒಂದು ಜಾಗವನ್ನು ಗಾಳಿ ಹೋಗದಂತೆ ಮುಚ್ಚಬೇಕಾಗಿದೆ. ಸಾಮಾನಿನ ಕೋಣೆ ಎಂದುಕೋ. ಸಿಮೆಂಟು ಮೆತ್ತಿದರೆ ಮೇಲಿನ ನೆಲದ ಭಾರಕ್ಕೆ ಬಿರಿಯುತ್ತಿದೆ. ಸ್ವಲ್ಪ ಅವಸರವಿದೆ, ಬೇಗ ಬರೆ.

ನಿನ್ನ ವಿಜಿ

ಗೂಗಲ್, ದೇವದುರ್ಗ ತಾಲೂಕು
11 ಜೂನ್ 2024

ಚಿ. ವಿಜಯಶ್ರೀಗೆ ಚನ್ನಮಲ್ಲಮ್ಮನ ಆಶೀರ್ವಾದಗಳು. ಚಿ. ಪಕ್ಕದಲ್ಲಿ ಸೌ. ಬರೆಯಲು ಜಾಗ ಬಿಟ್ಟಿದ್ದೇನೆ. ಯಾವಾಗ ತುಂಬಿಸುತ್ತೀಯೋ ಆ ಅಲ್ಲಮಪ್ರಭುವಿಗೇ ಗೊತ್ತು.

ಪತ್ರಕ್ಕೆ ಪುಸ್ತಕದ ಮಾತೇ ಚೆಂದ ಎಂದು ನಮ್ಮ ವಯಸ್ಕರ ಶಾಲೆಯ ಮುದುಕಪ್ಪ ಮಾಸ್ತರು ಹೇಳಿದ್ದಾರೆ. ಆದ್ದರಿಂದ ಹೀಗೆ ಬರೆಯುತ್ತಿದ್ದೇನೆ. ಬೈಯುವಾಗ ಮಾತ್ರ ಅದು ಕೈಕೊಡುತ್ತದೆ, ಆಗ ಬೇಜಾರಾಗಬೇಡ.

ನಿನ್ನ ಪತ್ರವನ್ನು ಮೂರು ಸಲ ಓದಿದೆ. ನೀನು ಮುಚ್ಚಿಟ್ಟರೂ ನನಗೆ ತಿಳಿಯಿತು. ಕ್ವಾರ್ಟರ್ಸಿನ ಹಿಂದೆ ಕದ್ದು ಹಗೇವು ತೋಡಿದ್ದೀ! ಸಾಮಾನಿನ ಕೋಣೆಯಂತೆ! ಆ ಕಡೆ ಮೂರು ಹೊತ್ತೂ ಅನ್ನ ಉಂಡು ನಿನಗೆ ಸಾಕಾಗಿದೆ, ಜೋಳದ ರೊಟ್ಟಿಗೆ ಜೀವ ಬಿಡುತ್ತಿದ್ದೀ. ಬಾಯಿ ಬಿಟ್ಟು ಹೇಳಲು ಏನು ಧಾಡಿ? ಐವತ್ತು ಕಿಲೋ ಜೋಳವನ್ನು ನಮ್ಮೂರ ದುರುಗೇಶನ ಟೆಂಪೋದಲ್ಲಿ ರಾಯಚೂರಿಗೆ ಕಳಿಸಿ, ಅಲ್ಲಿಂದ ಲಾರಿಗೆ ಹಾಕಿಸಿದ್ದೇನೆ. ಹಗೇವಿಗೆ ಐವತ್ತು ಕಿಲೋ ಏನೂ ಅಲ್ಲ, ಬುಡಕ್ಕೂ ಸಾಲದು. ಆದರೂ ಶುರು ಮಾಡು.

ಮಣ್ಣಿನ ವಿಷಯ. ಕರಿಮಣ್ಣು ಬೇಡ, ಬಿಸಿಲು ಕಂಡರೆ ಬಾಯಿ ಬಿಡುತ್ತದೆ. ಜೇಡಿಮಣ್ಣು ತೆಗೆದುಕೋ. ಬೆರಳಿಗೆ ದಾರದಂತೆ ಸುತ್ತಿದರೆ ಮುರಿಯಬಾರದು. ಸಣ್ಣ ಹೊಟ್ಟು, ಸಗಣಿ ಹಾಕಿ ಮೂರು ದಿನ ನೆನೆಸಿ ಕಾಲಿನಿಂದ ತುಳಿ. ಹೋಳಿಗೆಯ ಕಣಕದಷ್ಟು ಮೆತ್ತಗಾಗಬೇಕು. ಬಾಯಿ ತೆರೆಯುವ ದಿನ ಅವಸರ ಮಾಡಿ ಒಳಗೆ ಇಳಿಯಬೇಡ. ಒಳಗಿನ ಕಾಳು ಗಾಳಿಯನ್ನೆಲ್ಲ ತಿಂದು ಮುಗಿಸಿರುತ್ತದೆ. ಮೊದಲು ಹಗ್ಗಕ್ಕೆ ದೀಪ ಕಟ್ಟಿ ಇಳಿಸು. ದೀಪ ಬದುಕಿದರೆ ಮನುಷ್ಯ ಬದುಕುತ್ತಾನೆ.

ನಮ್ಮ ಹಗೇವು ಈ ವರ್ಷವೂ ಬಾಯಿವರೆಗೆ ತುಂಬಿದೆ. ಚಿಂತೆಯಿಲ್ಲ.

ನಿನ್ನ ಅತ್ತೆ

ಗಣಿ ವಸಾಹತು
24 ಜೂನ್ 2024

ಅತ್ತೇ,

ಜೋಳದ ಚೀಲ ನೇರವಾಗಿ ಗಣಿಯ ಆಫೀಸಿಗೇ ಬಂತು. ಮೇಲೆ ನಿನ್ನ ಕೈಬರಹದಲ್ಲಿ "ವಿಜಿಯ ಹಗೇವಿಗೆ" ಎಂದು ಬರೆದಿದ್ದರಿಂದ ಈಗ ಇಡೀ ವಿಭಾಗ ನನ್ನನ್ನು ಹಗೇವು ಮೇಡಂ ಎಂದು ಕರೆಯುತ್ತಿದೆ. ಸಾಹೇಬರ ಹೆಂಡತಿ ಲತೀಫಾ ಆಂಟಿ ಹಿಟ್ಟು ಮಾಡಿಸಿ, ಟಪ್ ಟಪ್ ಎಂದು ರೊಟ್ಟಿ ಬಡಿದು ಕಳಿಸಿದರು. ಎಂಜಿನಿಯರ್ ಉದಯಕುಮಾರ್ ಆರು ರೊಟ್ಟಿ ತಿಂದ. ಇದನ್ನು ಓದಿ ಸೌ. ಬರೆಯಲು ಪೆನ್ನು ತೆಗೆಯಬೇಡ. ಅವನಿಗೆ ಮದುವೆಯಾಗಿ ಇಬ್ಬರು ಮಕ್ಕಳಿದ್ದಾರೆ.

ನಿನ್ನ ಲೆಕ್ಕದಂತೆಯೇ ಮಣ್ಣು ಕಲಸಿ ಐದು ಗೋಡೆಗಳಿಗೆ ಮೆತ್ತಿದೆವು. ಮೂರು ದಿನ ಚೆನ್ನಾಗಿತ್ತು. ಆಮೇಲೆ ನಾಲ್ಕು ಗೋಡೆಗಳಲ್ಲಿ ಮಣ್ಣು ಸುತ್ತಲ ಅಂಚಿನಿಂದ ಬಿಟ್ಟುಕೊಂಡಿತು. ಅಲ್ಲಿಂದ ಗಾಳಿ ಒಳಗೆ ಹೋಗುತ್ತಿದೆ. ಸಾಹೇಬರು ಮುಖದ ಪೌಡರನ್ನು ಅಂಚಿಗೆ ಊದಿ ತೋರಿಸಿದರು, ಪೌಡರು ಸುಯ್ಯೆಂದು ಬಿರುಕಿನೊಳಗೆ ಹೋಯಿತು. ಹೊಟ್ಟು ಜಾಸ್ತಿ ಹಾಕಲೇ? ಗೋಡೆ ಒಂದಿಷ್ಟು ಬೆಚ್ಚಗಿರುತ್ತದೆ, ಅದಕ್ಕೇನಾದರೂ ಬೇರೆ ಉಪಾಯವಿದೆಯೇ?

ವಿಜಿ

ಗೂಗಲ್
1 ಜುಲೈ 2024

ವಿಜಿ,

ನಲವತ್ತು ವರ್ಷ ಹಗೇವಿಗೆ ಮಣ್ಣು ಮೆತ್ತಿದ್ದೇನೆ. ಹಗೇವಿನ ಬಾಯಿ ತಣ್ಣಗಿರುತ್ತದೆ. ಬೆಚ್ಚಗಿದ್ದರೆ ಒಳಗೆ ಕಾಳು ಕೊಳೆತಿರಬೇಕು, ಇಲ್ಲವೇ ಬರೆದವಳು ಸುಳ್ಳು ಹೇಳಿರಬೇಕು. ಐವತ್ತು ಕಿಲೋ ಜೋಳವನ್ನು ನೀವು ರೊಟ್ಟಿ ಮಾಡಿ ತಿಂದಿದ್ದೀರಿ. ಅಲ್ಲಿಗೆ ಕೊಳೆಯಲು ಕಾಳೇ ಇಲ್ಲ.

ಅದೇನ್ ಮುಚ್ಚಾಕತ್ತೀ ಅಲ್ಲಿ? ಖರೇ ಹೇಳು.

ಅತ್ತೆ

ಗಣಿ ವಸಾಹತು
6 ಜುಲೈ 2024

ಅತ್ತೇ,

ಬೆಂಕಿ ಮುಚ್ಚುತ್ತಿದ್ದೇವೆ.

ಒದ್ದೆ ಬಣವೆ ಹೊರಗೆ ತಣ್ಣಗೆ ಕಂಡರೂ ಒಳಗೊಳಗೇ ಬಿಸಿಯಾಗಿ ಹೊತ್ತಿಕೊಳ್ಳುವುದನ್ನು ನೀನು ನೋಡಿದ್ದೀ. ಕಲ್ಲಿದ್ದಲೂ ಹಾಗೆಯೇ. ಯಾರೂ ಕಡ್ಡಿ ಗೀರಬೇಕಿಲ್ಲ. ಗಾಳಿ ತಾಗಿದರೆ ತಾನಾಗಿ ಕಾಯುತ್ತದೆ. ಅದಕ್ಕಿಂತ ಮೊದಲು ಒಂದು ವಾಸನೆ ಬರುತ್ತದೆ, ಸೀಮೆಎಣ್ಣೆ ಮತ್ತು ಬೆವರು ಬೆರೆತಂತೆ. ಸಾಹೇಬರು ಎರಡು ವರ್ಷ ನನಗೆ ಆ ವಾಸನೆಯ ಪಾಠವನ್ನೇ ಹೇಳಿದ್ದರು. "ಯಂತ್ರ ಆಮ್ಯಾಗ ಹೇಳ್ತದ, ಮೂಗು ಮೊದಲ ಹೇಳ್ತದ" ಎನ್ನುತ್ತಿದ್ದರು. ಮೇ ಹತ್ತೊಂಬತ್ತರಂದು ಬಕೆಟ್ ನೋಡಲು ಹೋದಾಗ ಗಣಿಯ ಏಳನೆಯ ಭಾಗದಲ್ಲಿ ಆ ವಾಸನೆ ನನ್ನ ಮೂಗಿಗೆ ಬಂತು.

ನಮ್ಮಲ್ಲಿ ಇಂಥ ದಿನಕ್ಕೆ ಮೊದಲೇ ಎಲ್ಲ ಬರೆದಿಟ್ಟಿರುತ್ತಾರೆ. ಫೋನ್ ಮಾಡುವವರು ಯಾರು, ಫ್ಯಾನಿನ ಬಳಿ ನಿಲ್ಲುವವರು ಯಾರು, ಮೇಲೆ ಬಂದವರ ಟೋಪಿ ದೀಪ ಎಣಿಸುವವರು ಯಾರು ಎಂದು ಹಲಗೆಯ ಮೇಲೆ ಹೆಸರಿರುತ್ತದೆ. ಒಬ್ಬರೂ ಕೂಗಾಡಲಿಲ್ಲ. ಇನ್ನೂರ ಹನ್ನೆರಡು ದೀಪ ಇಳಿದಿದ್ದವು, ಇನ್ನೂರ ಹನ್ನೆರಡೂ ಮೇಲೆ ಬಂದವು. ಆಮೇಲೆ ಬೆನ್ನಿಗೆ ಆಮ್ಲಜನಕ ಕಟ್ಟಿಕೊಂಡು ಆರು ಜನ ಕೆಳಗೆ ಹೋಗಿ ಆ ಭಾಗಕ್ಕೆ ಐದು ಗೋಡೆ ಕಟ್ಟಿದರು. ಆ ಆರು ಜನರಲ್ಲಿ ನಾನೂ ಒಬ್ಬಳು. ಬಕೆಟ್ ಎಣಿಸುವುದು ನಿಜ, ಆದರೆ ನನ್ನ ಕೆಲಸ ಅಷ್ಟೇ ಅಲ್ಲ.

ನಿನ್ನ ಹಗೇವಿನಲ್ಲಿ ಕಾಳು ಗಾಳಿ ತಿನ್ನುತ್ತದೆ, ಇಲ್ಲಿ ಬೆಂಕಿ ತಿನ್ನುತ್ತದೆ. ಹೊಸ ಗಾಳಿ ಸಿಗದಿದ್ದರೆ ತಾನಾಗಿ ಸಾಯುತ್ತದೆ. ಸಿಗುತ್ತಿರುವುದೇ ಈಗಿನ ತೊಂದರೆ. ಆಗಸ್ಟ್ ಮೂವತ್ತೊಂದರೊಳಗೆ ಗೋಡೆಗಳು ಗಾಳಿ ಬಿಡುವುದನ್ನು ನಿಲ್ಲಿಸದಿದ್ದರೆ ಆ ಕಡೆಗೆಲ್ಲ ನೀರು ಬಿಟ್ಟು ಗಣಿಯನ್ನೇ ಮುಚ್ಚುತ್ತಾರೆ. ನಾಲ್ಕುನೂರು ಜನ ದಿಕ್ಕಿಗೊಬ್ಬರಂತೆ ಬೇರೆ ಬೇರೆ ಗಣಿಗಳಿಗೆ ಹೋಗಬೇಕಾಗುತ್ತದೆ. ಸಾಹೇಬರು ಇಪ್ಪತ್ತು ವರ್ಷ ಕೂಡಿಸಿ ಕಟ್ಟಿದ ನಮ್ಮ ತಂಡವೂ ಚೆದುರುತ್ತದೆ. ಅತ್ತೇ, ನನಗೆ ಈ ತಂಡ ಬೇಕು. ಇಷ್ಟು ಖುಷಿಯಿಂದ ನಾನು ಎಲ್ಲೂ ಕೆಲಸ ಮಾಡಿಲ್ಲ.

ನೀನು ಹೆದರುತ್ತೀ ಎಂದು ಹೇಳಿರಲಿಲ್ಲ. ತಪ್ಪಾಯಿತು.

ವಿಜಿ

ಗಣಿ ವಸಾಹತು
22 ಜುಲೈ 2024

ಅತ್ತೇ,

ಹದಿನಾರು ದಿನವಾಯಿತು. ಫೋನಿಗೂ ಸಿಗುತ್ತಿಲ್ಲ. ದುರುಗೇಶನಿಗೆ ಕೇಳಿದರೆ "ಅತ್ತಿ ಆರಾಮ ಅದಾಳ" ಎಂದು ನಗುತ್ತಾನೆ, ಮುಂದೆ ಹೇಳುವುದಿಲ್ಲ. ಬೈದಾದರೂ ಬರೆ. ಪುಸ್ತಕದ ಮಾತೇ ಬೇಕೆಂದಿಲ್ಲ.

ವಿಜಿ

ಗೂಗಲ್
3 ಆಗಸ್ಟ್ 2024

ಚಿ. ವಿಜಯಶ್ರೀಗೆ ಆಶೀರ್ವಾದಗಳು.

ಸುಖವಾಗಿ ಊರು ಮುಟ್ಟಿದೆ. ಬಂದು ನೋಡಿದರೆ ಬಾಗಿಲಲ್ಲಿ ನಿನ್ನ ಇಪ್ಪತ್ತೆರಡರ ಪತ್ರ ಬಿದ್ದಿತ್ತು. ನಾನು ನಿನ್ನ ಬಾಗಿಲಿಗೆ ಬಂದು ನಿಂತಿದ್ದಾಗ ಅದು ನನ್ನ ಬಾಗಿಲಿಗೆ ಬಂದಿರಬೇಕು. ಚೀಲ ಹೊತ್ತು ನಿಂತ ನನ್ನನ್ನು ನೋಡಿ ನಿನ್ನ ಬಾಯಿಂದ ಹೂಂ ಕೂಡ ಹೊರಡಲಿಲ್ಲ. ಅದನ್ನು ನೆನೆದು ಇನ್ನೂ ನಗುತ್ತಿದ್ದೇನೆ.

ನಾನು ಮಾಡಿದ್ದನ್ನೆಲ್ಲ ಬರೆದು ಕಳಿಸಿರಿ, ಗಣಿಯ ಬೆಂಕಿ ಫೈಲಿಗೆ ಹಾಕುತ್ತೇನೆ ಎಂದು ನಿಮ್ಮ ಸಾಹೇಬರು ಹೇಳಿದ್ದರು. ಸರ್ಕಾರಿ ಫೈಲಿನಲ್ಲಿ ನನ್ನ ಅಕ್ಷರ! ಮುದುಕಪ್ಪ ಮಾಸ್ತರು ಕೇಳಿ ಎರಡು ದಿನ ನೆಲದ ಮೇಲೆ ನಡೆಯಲಿಲ್ಲ. ಆದ್ದರಿಂದ ಮೊದಲಿನಿಂದ ಬರೆಯುತ್ತೇನೆ.

ನೀನು ಬೆಂಕಿ ಎಂದು ಬರೆದ ಮೇಲೆ ನಾನು ಒಲೆಯ ಮುಂದೆ ಕೂತೆ. ಹಗೇವಿನ ಮಣ್ಣು ತಣ್ಣನೆಯ ಮಣ್ಣು. ಬಿಸಿಗೆ ಒಲೆಯ ಮಣ್ಣೇ ಬೇಕು. ಅದಕ್ಕೆ ನೀರು ಕಡಿಮೆ, ಹೊಟ್ಟಿನ ಬದಲು ಹೊಟ್ಟಿನ ಬೂದಿ. ಒಂದೇ ಸಲಕ್ಕೆ ದಪ್ಪ ಬಳಿಯದೆ ತೆಳ್ಳಗೆ ಮೂರು ಸಲ. ಹಿತ್ತಲಲ್ಲಿ ನಾಲ್ಕು ಒಲೆ ಹಾಕಿ ಹತ್ತು ದಿನ ಉರಿಸಿ ನೋಡಿದೆ. ಮೂರನೆಯದು ಬಿರಿಯಲಿಲ್ಲ. ಫೋನ್ ಎತ್ತಿದರೆ ಎಲ್ಲ ಬಾಯಿಬಿಟ್ಟೇನೆಂದು ಸುಮ್ಮನಿದ್ದೆ. ಒಲೆಯಿಂದ ಎದ್ದವಳೇ ಚೀಲ ಕಟ್ಟಿದೆ.

ರಾಯಚೂರು ಸ್ಟೇಷನ್ನಿನಲ್ಲಿ ಪೊಲೀಸಪ್ಪ ಚೀಲ ಬಿಚ್ಚಿಸಿದ.

"ಏನಿದು ಯವ್ವಾ?"

"ಮಣ್ಣು."

"ಮಣ್ಣ್ ಯಾಕ್ ಒಯ್ಯಾಕತ್ತೀ? ಅಲ್ಲಿ ಮಣ್ಣಿಲ್ಲೇನು?"

"ಅದ. ಆದ್ರ ಅದಕ್ಕ ಬುದ್ಧಿ ಇಲ್ಲ."

ಅವನು ನಕ್ಕು, ತಾನೇ ಚೀಲ ಎತ್ತಿ ಗಾಡಿಯೊಳಗೆ ಇಟ್ಟ.

ನನ್ನನ್ನು ಗಣಿಯೊಳಗೆ ಬಿಡಲಿಲ್ಲವೆಂಬ ಸಿಟ್ಟು ಇನ್ನೂ ಇಳಿದಿಲ್ಲ. ಹದಿನಾಲ್ಕನೆಯ ವಯಸ್ಸಿನಲ್ಲಿ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಹಗೇವಿಗೆ ಇಳಿದವಳು ನಾನು. ನನಗೆ ಭಯ ಅಂತ ನಿನಗ್ಯಾರ ಹೇಳ್ಯಾರ? ಆದರೆ ನೆಲದ ಮೇಲೆ, ನೀವು ಕಲಿಯಲೆಂದು ಕಟ್ಟಿದ ಸುಳ್ಳು ಸುರಂಗ ನನಗೆ ಹಿಡಿಸಿತು. ಇಟ್ಟಿಗೆ ಗೋಡೆಯ ಹಿಂದೆ ಇದ್ದಿಲಿನ ಸಿಗಡಿ ಹೊತ್ತಿಸಿ, "ಮೆತ್ತ್ರಿ ನೋಡೂನು" ಎಂದೆ. ನೀವು ಆರೂ ಜನ ಗೋಡೆಯ ನಟ್ಟನಡುವೆ ಮಣ್ಣು ಹಚ್ಚಲು ಶುರು ಮಾಡಿದಿರಿ! ನನಗೆ ತಲೆ ತಿರುಗಿತು. ದೀಪದ ಬೆಳಕು ಅಲ್ಲಿ ಬೀಳುತ್ತದೆ, ಕೈ ಅಲ್ಲಿಗೇ ಹೋಗುತ್ತದೆ ಎಂದು ಆ ಆರು ರೊಟ್ಟಿಯ ಉದಯಕುಮಾರ ಹೇಳಿದ.

ಫೈಲಿಗೆ ಇದನ್ನು ದಪ್ಪ ಅಕ್ಷರದಲ್ಲಿ ಬರೆಸು. ಮಣ್ಣು ಒಣಗುವಾಗ ಸೆಟೆದು ಕುಗ್ಗುತ್ತದೆ. ನಡುವಿನಿಂದ ಮೆತ್ತಿ ಅಂಚಿಗೆ ಬಂದರೆ, ಕುಗ್ಗಿದಾಗ ಅಂಚು ಬಿಟ್ಟುಕೊಳ್ಳುತ್ತದೆ. ಅಲ್ಲಿ ಕೈ ಹೋಗುವುದಿಲ್ಲ, ಕಣ್ಣೂ ಹೋಗುವುದಿಲ್ಲ. ಆದ್ದರಿಂದ ಅಂಚಿನಿಂದ ಶುರು ಮಾಡಿ ನಡುವಿಗೆ ಬರಬೇಕು. ನಡುವೆ ನಾಲ್ಕು ಬೆರಳು ಅಗಲ ಮಣ್ಣು ಮೆತ್ತದೆ ಬಿಡಬೇಕು. ಒಣಗಲಿ, ಎಲ್ಲ ಮಣ್ಣು ಅಂಚಿನ ಕಡೆ ಸರಿದು ಗಟ್ಟಿಯಾಗಲಿ. ಬಿರುಕು ಬಂದರೆ ಆ ನಡುವೆಯೇ ಬರುತ್ತದೆ, ನಮ್ಮ ಕೈಗೆ ಸಿಗುವ ಕಡೆ. ಕೊನೆಗೆ ಅದನ್ನು ತುಂಬಿ ಸವರಿದರೆ ಮುಗಿಯಿತು.

ಇದನ್ನು ನಾನು ಮೊದಲ ಪತ್ರದಲ್ಲೇ ಬರೆಯಬೇಕಿತ್ತು. ಬರೆಯಲಿಲ್ಲ. ನಡುವಿನಿಂದ ಮೆತ್ತುವವರೂ ಲೋಕದಲ್ಲಿ ಇದ್ದಾರೆಂದು ನನಗೆ ಹೊಳೆಯಲೇ ಇಲ್ಲ.

ಲತೀಫಾಗೆ ನನ್ನ ಸಲಾಮು ಹೇಳು. ನನ್ನ ಕನ್ನಡಕ ನಿನ್ನ ಕಿಟಕಿಯಲ್ಲಿ ಉಳಿದಿದೆ. ಈ ಪತ್ರವನ್ನು ಮಾಸ್ತರರ ಕನ್ನಡಕ ಹಾಕಿಕೊಂಡು ಬರೆದೆ, ಸಾಲು ಏರಿಳಿದಿದ್ದರೆ ತಪ್ಪು ಅವರದು.

ಅತ್ತೆ

ಗಣಿ ವಸಾಹತು
2 ಸೆಪ್ಟೆಂಬರ್ 2024

ಅತ್ತೇ, ಅತ್ತೇ, ಅತ್ತೇ!

ನಿಂತಿತು! ಗಾಳಿ ನಿಂತಿತು!

ನೀನು ಇಲ್ಲಿಗೆ ಬಂದಾಗ ಬೆರಳಿಗೆ ಸುತ್ತಿ ಆರಿಸಿಕೊಟ್ಟ ಕೆರೆಮಣ್ಣನ್ನು ಎರಡು ಟ್ರಾಕ್ಟರ್ ತರಿಸಿ, ನಿನ್ನ ಚೀಲದ ಮಣ್ಣನ್ನು ಹೆಪ್ಪು ಹಾಕಿದಂತೆ ಅದಕ್ಕೆ ಬೆರೆಸಿ, ಐದೂ ಗೋಡೆಗಳನ್ನು ಅಂಚಿನಿಂದ ಮೆತ್ತಿದೆವು. ಪ್ರತಿ ಗೋಡೆಯ ನಡುವೆ ನಾಲ್ಕು ಬೆರಳು ಬಿಟ್ಟೆವು. ಯಾರ ಬೆರಳು ಎಂದು ಜಗಳವಾಯಿತು. ಕೊನೆಗೆ ನಿನ್ನ ಕೈಯಷ್ಟೇ ಇರುವ ನನ್ನ ಬೆರಳನ್ನೇ ಅಳತೆ ಮಾಡಿದರು. ಐದು ದಿನ ಬಿಟ್ಟು ನೋಡಿದರೆ ಬಿರುಕೆಲ್ಲ ನಡುವೆಯೇ ಬಂದಿತ್ತು, ಒಳ್ಳೆಯ ಮಕ್ಕಳಂತೆ. ತುಂಬಿ ಸವರಿದೆವು.

ಸಾಹೇಬರು ಪೌಡರ್ ಡಬ್ಬಿ ಹಿಡಿದು ಗೋಡೆಯಿಂದ ಗೋಡೆಗೆ ಹೋದರು. ಊದಿದ ಪೌಡರ್ ಇದ್ದಲ್ಲೇ ನಿಂತು ಮೆಲ್ಲಗೆ ಅವರ ಬೂಟಿನ ಮೇಲೆ ಇಳಿಯಿತು. ಆ ಮನುಷ್ಯ ನಕ್ಕಿದ್ದನ್ನು ನಾನು ನೋಡಿದ್ದೇನೆ, ಅತ್ತದ್ದನ್ನು ಅವತ್ತೇ ಮೊದಲು ನೋಡಿದ್ದು. "ಧೂಳ್ ಹೋತು ಕಣ್ಣಾಗ" ಎಂದರು. ಗೋಡೆಯ ಹಿಂದಿನ ಆಮ್ಲಜನಕ ಜುಲೈನಲ್ಲಿ ನೂರಕ್ಕೆ ಹನ್ನೊಂದು ಇತ್ತು. ಮೂವತ್ತೊಂದನೆಯ ತಾರೀಖು ನೋಡಿದರೆ ಎರಡು! ನೀರು ಬಿಡುವ ಆದೇಶವನ್ನು ಹಿಂತೆಗೆದುಕೊಂಡರು. ಎಲ್ಲರೂ ಇಲ್ಲೇ ಇದ್ದೇವೆ. ತಂಡ ಇದೆ. ನಿನ್ನ ಪತ್ರ ಫೈಲಿನಲ್ಲಿದೆ, ಪುಟ ನಲವತ್ತೊಂದು. ಪೊಲೀಸಪ್ಪನ ವಿಷಯವನ್ನೂ ಮಾಸ್ತರರ ಕನ್ನಡಕದ ವಿಷಯವನ್ನೂ ತೆಗೆಯಲು ಸಾಹೇಬರು ಒಪ್ಪಲಿಲ್ಲ.

ಕನ್ನಡಕ ಇದರೊಂದಿಗೆ ಕಳಿಸಿದ್ದೇನೆ. ಈ ವರ್ಷ ನಮ್ಮ ಹಗೇವಿನ ಬಾಯಿ ತೆರೆಯುವಾಗ ಹೇಳು, ತಂಡ ಕಟ್ಟಿಕೊಂಡು ದೀಪ ಹಿಡಿದು ಬರುತ್ತೇನೆ.

ವಿಜಿ

ಗೂಗಲ್
12 ಸೆಪ್ಟೆಂಬರ್ 2024

ವಿಜಿ,

ನಿನ್ನ ಪತ್ರವನ್ನು ಗುಡಿಯ ಕಟ್ಟೆಯ ಮೇಲೆ ನಿಂತು ಎಲ್ಲರಿಗೂ ಓದಿ ಹೇಳಿದೆ. ಎರಡು ಸಲ. ಅಲ್ಲಮಪ್ರಭುವಿಗೆ ಕಾಯಿ ಒಡೆಸಿದೆ. ಎದೆ ತುಂಬಿ ಬಂತು ತಂಗೀ, ಅದನ್ನು ಪುಸ್ತಕದ ಮಾತಿನಲ್ಲಿ ಹೇಗೆ ಬರೆಯುವುದೋ ಮಾಸ್ತರರಿಗೂ ಗೊತ್ತಿಲ್ಲ.

ಆದರೆ ನೀನು ಹಗೇವು ತೆರೆಯಲು ಬರುತ್ತೇನೆ ಎಂದಿದ್ದರಿಂದ ಒಂದು ಮಾತು ಹೇಳಲೇಬೇಕು. ನಮ್ಮ ಹಗೇವಿನಲ್ಲಿ ಕಾಳಿಲ್ಲ. ಒಂಬತ್ತು ವರ್ಷದಿಂದ ಇಲ್ಲ. ಈಗ ಯಾರು ತುಂಬುತ್ತಾರೆ? ಎಲ್ಲರೂ ಚೀಲದಲ್ಲಿ ಕಟ್ಟಿ ಅಟ್ಟದ ಮೇಲೆ ಇಡುತ್ತಾರೆ. ಪ್ರತಿ ವರ್ಷ ನೀನು ಕೇಳಿದಾಗ ತುಂಬಿದೆ, ತುಂಬಿದೆ ಎಂದೆ. ನಿಂಗ ಬೇಜಾರ ಆಗ್ತದ ಅಂತ. ನೋಡು, ನಿನ್ನ ಸುಳ್ಳೂ ನನ್ನ ಸುಳ್ಳೂ ಒಂದೇ ಮಣ್ಣಿನವು.

ನಾನು ರೈಲಿನಲ್ಲಿ ಹೊತ್ತು ತಂದ ಚೀಲ ಅದೇ ಹಗೇವಿನ ಬಾಯಿಯ ಮಣ್ಣು. ಸುಮ್ಮನೆ ಮುಚ್ಚಿಕೊಂಡು ಕೂತಿತ್ತು. ಕಿತ್ತು, ಬೂದಿ ಬೆರೆಸಿ ಒಲೆಯ ಮಣ್ಣು ಮಾಡಿ ನಿನಗೆ ತಂದೆ.

ಇನ್ನು ಮುಂದೆ ಇಬ್ಬರೂ ಹೀಗೆ ಮಾಡುವುದು ಬೇಡ. ಬಿರುಕು ಬಂದರೆ ಕೈಗೆ ಸಿಗುವ ಕಡೆ ಬರಲಿ.

ಅತ್ತೆ

ಗಣಿ ವಸಾಹತು
19 ಜನವರಿ 2025

ಅತ್ತೇ,

ನಿನಗೆ ಕೊಟ್ಟ ಮಾತಿನಂತೆ ಮುಚ್ಚಿಡದೆ ಬರೆಯುತ್ತಿದ್ದೇನೆ. ಹೋದ ವಾರ ಏಳನೆಯ ಭಾಗದ ಮೊದಲ ಗೋಡೆ ಒಡೆದೆವು. ಹಿಂದಿನ ದಿನ ನನಗೆ ಅನ್ನ ಸೇರಲಿಲ್ಲ, ಭಯವಾಗಿತ್ತು. ಗೋಡೆಯ ಹಿಂದೆ ಬಿಸಿ ಇಲ್ಲ, ವಿಷಗಾಳಿಯ ಲೆಕ್ಕ ಸೊನ್ನೆ ಎಂದು ಎಂಟು ವಾರ ಖಾತರಿ ಮಾಡಿಕೊಂಡಿದ್ದೆವು. ಆದರೂ ಬೆನ್ನಿಗೆ ಆಮ್ಲಜನಕ ಕಟ್ಟಿಕೊಂಡೇ ಒಳಗೆ ಹೋದೆವು. ತಂಡದ ಮುಂದೆ ನಡೆದವಳು ನಾನು. ಸಾಹೇಬರೇ ನನ್ನನ್ನು ಮುಂದೆ ನಿಲ್ಲಿಸಿದರು. ಒಳಗೆಲ್ಲ ಹಗೇವಿನಷ್ಟು ತಂಪು. ಬೆಂಕಿ ಸತ್ತು ಬೂದಿಯಾಗಿತ್ತು. ಹೊಸ ಗಾಳಿ ಬಿಟ್ಟು, ಎರಡು ದಿನ ಕಾದು, ಮತ್ತೆ ಒಳಗೆ ಹೋದಾಗ ಮುಖದ ಕವಚ ತೆಗೆದೆ. ಮೂಗಿಗೆ ಬರೀ ಒದ್ದೆ ಮಣ್ಣಿನ ವಾಸನೆ ಬಂತು, ನಿನ್ನ ಮಣ್ಣಿನದು.

ಅಲ್ಲಿ ಇನ್ನು ಮತ್ತೆ ಕೆಲಸ ಶುರುವಾಗುತ್ತದೆ. ಹಲಗೆಯ ಮೇಲೆ ತಂಡದ ನಾಯಕಿ ಎಂದು ನನ್ನ ಹೆಸರು ಬರೆದಿದ್ದಾರೆ. ಅದರಿಂದ ಮಾರ್ಚ್‌ನಲ್ಲಿ ರಜೆ ಸಿಗುವುದು ಕಷ್ಟ. ಸುಗ್ಗಿಗೆ ಬರಲಾರೆನೇನೋ.

ವಿಜಿ

ಗೂಗಲ್
9 ಮಾರ್ಚ್ 2025

ಚಿ. ವಿಜಯಶ್ರೀ ನಾಯಕಿಯವರಿಗೆ,

ಸೌ. ಜಾಗದಲ್ಲಿ ನಾಯಕಿ ಎಂದು ತುಂಬಿದ್ದೇನೆ. ಸದ್ಯಕ್ಕೆ ಚೆನ್ನಾಗಿ ಕಾಣುತ್ತದೆ, ಇರಲಿ.

ನಿನ್ನ ಪತ್ರ ಗುಡಿಕಟ್ಟೆಯಲ್ಲಿ ಹೊತ್ತಿಸಿದ ಬೆಂಕಿಗೆ ಈಗ ನಾನು ಉತ್ತರ ಹೇಳಬೇಕಾಗಿದೆ. ಊರವರು ಅದನ್ನು ಕೇಳಿದ್ದೇ ಕೇಳಿದ್ದು, "ಗಣ್ಯಾಗಿನ ಬೆಂಕಿ ಆರಿಸಿದ ಮಣ್ಣಿನ ಹಗೇವು ನಮ್ಮೂರಾಗ ಖಾಲಿ ಬಿದ್ದದಂತ" ಎಂದು ಮಾತಾಯಿತು. ಈ ಸುಗ್ಗಿಗೆ ಮುದುಕಪ್ಪ ಮಾಸ್ತರು ಎರಡು ಚೀಲ ಜೋಳ ತಂದರು, ದುರುಗೇಶ ಐದು ತಂದ. ಏಳು ಮನೆಯವರು ಸೇರಿದರು. ಹಗೇವಿಗೆ ಹೊಸ ಹುಲ್ಲು ಹಾಸಿ ಮೊನ್ನೆ ಬಾಯಿವರೆಗೆ ತುಂಬಿದೆವು. ಈ ಸಲ ಖರೇ ತುಂಬಿದೆ. ಮಾಸ್ತರು ಸಾಕ್ಷಿಯಾಗಿ ಪತ್ರದ ಹಿಂದೆ ಸಹಿ ಮಾಡಿದ್ದಾರೆ, ನೋಡು.

ಹಾಸುಗಲ್ಲು ಮುಚ್ಚಿ ನಿನ್ನೆ ಮಣ್ಣು ಮೆತ್ತಿದೆ. ಅಂಚಿನಿಂದ ಶುರು ಮಾಡಿ ಒಳಗೆ ಬಂದೆ. ಮಂಡಿ ನೋಯುತ್ತಿತ್ತು, ಆದರೂ ಹಾಡಿಕೊಂಡು ಮೆತ್ತಿದೆ. ರಜೆ ಕೇಳುವಾಗ ನಿಮ್ಮ ಸಾಹೇಬರಿಗೆ ಈ ಪತ್ರ ತೋರಿಸು. ಫೈಲಿನ ಪುಟ ನಲವತ್ತೊಂದನ್ನು ಓದಿದವರು ಇಲ್ಲ ಎನ್ನಲಾರರು. ಅವರೂ ಲತೀಫಾಳನ್ನು ಕರೆದುಕೊಂಡು ಬರಲಿ, ಮಾನ್ವಿ ಇಲ್ಲಿಂದ ಎಷ್ಟು ದೂರ? ರೊಟ್ಟಿಗೆ ಹಿಟ್ಟು ಬೀಸಿಟ್ಟಿದ್ದೇನೆ.

ನಡುವೆ ನಾಲ್ಕು ಬೆರಳು ಬಿಟ್ಟಿದ್ದೇನೆ. ಐದು ದಿನಕ್ಕೆ ಒಣಗುತ್ತದೆ. ನಿನ್ನ ಕೈ ತಗೊಂಡು ಬಾ.

ಅತ್ತೆ